ಮ್ಯಾನುಫ್ಯಾಕ್ಚರ್ಡ್ ಹೋಮ್ ಕೊಳ್ಳುವವರಿಗೆ: ಮೊದಲು ನೆಲ, ಆಮೇಲೆ ಸಾಲ, ಕೊನೆಗೆ ಮನೆ

ಮ್ಯಾನುಫ್ಯಾಕ್ಚರ್ಡ್ ಹೋಮ್ ಅಂದರೆ ಕಾರ್ಖಾನೆಯಲ್ಲಿ ಕಟ್ಟಿ, ಜಾಗಕ್ಕೆ ಸಾಗಿಸಿ ಕೂರಿಸುವ ಮನೆ. ಅಮೆರಿಕದಲ್ಲಿರುವ ನಮ್ಮವರು ಇದನ್ನು ಕೊಳ್ಳುವ ವಿಷಯದಲ್ಲಿ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. "ಡೀಲರ್ ಹತ್ರ ಮನೆ ಬುಕ್ ಮಾಡಿದ್ದೀವಿ, ಅಡ್ವಾನ್ಸ್ ಕೊಟ್ಟಾಗಿದೆ. ಈಗ ನೋಡಿದ್ರೆ ಕೌಂಟಿಯವರು ಆ ಜಾಗದಲ್ಲಿ ಇಡೋ ಹಾಗಿಲ್ಲ ಅಂತಿದ್ದಾರೆ. ಏನು ಮಾಡೋದು?" ಅಡ್ವಾನ್ಸ್ ಕೊಟ್ಟ ಮೇಲೆ ಮಾಡುವುದಕ್ಕೆ ಜಾಸ್ತಿ ಏನೂ ಉಳಿದಿರುವುದಿಲ್ಲ.

ಊರಲ್ಲಿ ಸೈಟೇ ಇಲ್ಲದೆ ಯಾರೂ ಮೇಸ್ತ್ರಿಯನ್ನು ಕರೆಯುವುದಿಲ್ಲ, ಅಲ್ವಾ? ಖಾತೆ, ಇಸಿ ಎಲ್ಲ ನೋಡಿದ ಮೇಲೇ ಪಾಯದ ಮಾತು. ಇಲ್ಲಿ ಮಾತ್ರ, ಡೀಲರ್ ಅಂಗಳದಲ್ಲಿ ಸಿಂಗಾರ ಮಾಡಿ ನಿಲ್ಲಿಸಿದ ಮನೆ ಕಂಡ ಕೂಡಲೇ ಆ ಬುದ್ಧಿ ಮರೆತುಹೋಗುತ್ತದೆ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಯಾವುದನ್ನೂ ಹಿಂದೆ ಮುಂದೆ ಮಾಡಬೇಡಿ.

ಶುರು ಮಾಡುವ ಮುಂಚೆ: ಯಾವುದು ಯಾವ ಮನೆ

ಕಾರ್ಖಾನೆಯಲ್ಲಿ ಮಾಡಿದ ಮನೆಗೆಲ್ಲ ಜನ ಒಂದೇ ಹೆಸರು ಹೇಳುತ್ತಾರೆ. ಕಾನೂನು ಮತ್ತು ಬ್ಯಾಂಕು ಹಾಗೆ ನೋಡುವುದಿಲ್ಲ. ಹಡ್ ಎಂದು ಕರೆಯುವ ಫೆಡರಲ್ ವಸತಿ ಇಲಾಖೆಯ ನಿಯಮಾವಳಿ 1976ರ ಜೂನ್ 15ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ ತಯಾರಾದದ್ದು ಮೊಬೈಲ್ ಹೋಮ್. ಆಮೇಲೆ ಆ ನಿಯಮದ ಪ್ರಕಾರ ಕಬ್ಬಿಣದ ಚಾಸಿ ಮೇಲೆ ಕಟ್ಟಿದ್ದು ಮ್ಯಾನುಫ್ಯಾಕ್ಚರ್ಡ್ ಹೋಮ್. ಮಾಡ್ಯುಲರ್ ಹೋಮ್ ಬೇರೆಯೇ. ಅದೂ ಕಾರ್ಖಾನೆಯಿಂದಲೇ ಬಂದರೂ ಅದಕ್ಕೆ ಅನ್ವಯವಾಗುವುದು ಆಯಾ ರಾಜ್ಯದ ಕಟ್ಟಡ ನಿಯಮ.

1976ಕ್ಕೆ ಮುಂಚಿನದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಡಿ. ಸಾಲ ಸಿಗುವುದು ಕಷ್ಟ, ವಿಮೆ ಕಷ್ಟ, ಬೇರೆ ಕಡೆ ಸಾಗಿಸಲು ಪರ್ಮಿಟ್ ಇನ್ನೂ ಕಷ್ಟ.

ಜೊತೆಗಿರಬೇಕಾದ ಸಾಮಾನು

ಒಳ್ಳೆಯ ಟಾರ್ಚು, ನಾಲ್ಕಡಿಯ ರಸಮಟ್ಟ, ಒಂದು ಗೋಲಿ, ಉದ್ದನೆಯ ಸ್ಕ್ರೂಡ್ರೈವರ್, ಪ್ಲಗ್ ಪಾಯಿಂಟ್ ಪರೀಕ್ಷಿಸುವ ಔಟ್‌ಲೆಟ್ ಟೆಸ್ಟರ್, ತೇವ ಅಳೆಯುವ ಮಾಯಿಶ್ಚರ್ ಮೀಟರ್. ಎಲ್ಲವೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಮನೆಯ ಕೆಳಗೆ ನುಸುಳಬೇಕಾಗುತ್ತದೆ, ಹಾಗಾಗಿ ಹಳೇ ಬಟ್ಟೆ ಹಾಕಿಕೊಳ್ಳಿ. ಇಸ್ತ್ರಿ ಮಾಡಿದ ಶರ್ಟಿನಲ್ಲಿ ಹೋದವರು ಕೆಳಗೆ ಇಣುಕದೆ ವಾಪಸ್ ಬರುತ್ತಾರೆ.

ಹಂತ 1: ನೆಲ

ದಾರಿ ಎರಡು. ಸ್ವಂತ ಜಾಗ, ಇಲ್ಲವೇ ಇಂಥ ಮನೆಗಳಿಗೆಂದೇ ಇರುವ ಪಾರ್ಕಿನಲ್ಲಿ ಬಾಡಿಗೆ ಜಾಗ.

ಸ್ವಂತ ಜಾಗವಾದರೆ ಮೊದಲ ಫೋನು ಡೀಲರ್‌ಗೆ ಅಲ್ಲ, ಕೌಂಟಿಯ ಜೋನಿಂಗ್ ಕಚೇರಿಗೆ. ಜಾಗದ ಪಾರ್ಸೆಲ್ ನಂಬರ್ ಹೇಳಿ ಮೂರು ಪ್ರಶ್ನೆ ಕೇಳಿ. ಇಲ್ಲಿ ಮ್ಯಾನುಫ್ಯಾಕ್ಚರ್ಡ್ ಹೋಮ್ ಇಡಬಹುದಾ? ಸಿಂಗಲ್ ವೈಡ್ (ಒಂದೇ ಭಾಗದ ಮನೆ) ಆಗುತ್ತದಾ, ಡಬಲ್ ವೈಡ್ (ಎರಡು ಭಾಗ ಜೋಡಿಸಿದ್ದು) ಮಾತ್ರವಾ? ಮನೆ ಇಷ್ಟು ವರ್ಷಕ್ಕಿಂತ ಹಳೆಯದಾಗಿರಬಾರದು ಅಂತ ಇದೆಯಾ? ಉತ್ತರವನ್ನು ಇಮೇಲ್‌ನಲ್ಲಿ ಕೊಡಿ ಎನ್ನಿ. ಫೋನಿನಲ್ಲಿ "ಯಾ, ಶುಡ್ ಬಿ ಫೈನ್" ಅಂದ ಮಾತಿಗೆ ನಾಳೆ ಬೆಲೆಯಿಲ್ಲ.

ಕೌಂಟಿ ಒಪ್ಪಿದರೂ ಮುಗಿಯಲಿಲ್ಲ. ಡೀಡ್ ರಿಸ್ಟ್ರಿಕ್ಷನ್ ಅಂತ ಇನ್ನೊಂದಿದೆ. ಬಡಾವಣೆ ಮಾಡಿದವರು ಎಂದೋ ಪತ್ರದಲ್ಲಿ "ಮೊಬೈಲ್ ಹೋಮ್ ಇಡಬಾರದು" ಅಂತ ಒಂದು ಸಾಲು ಬರೆಸಿದ್ದರೆ, ಅಕ್ಕಪಕ್ಕದವರು ಕೋರ್ಟಿಗೆ ಹೋಗಬಹುದು. ಆಸ್ತಿಯ ದಾಖಲೆ ಹುಡುಕಿಕೊಡುವ ಟೈಟಲ್ ಕಂಪನಿಯಿಂದ ಆ ಕಾಗದ ತರಿಸಿ ಪೂರ್ತಿ ಓದಿ.

ಮೂರನೆಯದು ಸೆಪ್ಟಿಕ್. ಊರಾಚೆಯ ಜಾಗಗಳಲ್ಲಿ ಸಾಮಾನ್ಯವಾಗಿ ಒಳಚರಂಡಿ ಇರುವುದಿಲ್ಲ. ಮಣ್ಣು ನೀರನ್ನು ಎಷ್ಟು ಬೇಗ ಇಂಗಿಸುತ್ತದೆ ಎಂದು ನೋಡುವ ಪರ್ಕ್ ಟೆಸ್ಟ್ ಅಥವಾ ಮಣ್ಣಿನ ತಪಾಸಣೆ ಆಗಬೇಕು. ಅಂಟು ಜೇಡಿ ಇದ್ದರೆ ಮಾಮೂಲಿ ಸೆಪ್ಟಿಕ್‌ಗೆ ಪರ್ಮಿಟ್ ಸಿಗದೆ, ದುಬಾರಿ ವ್ಯವಸ್ಥೆ ಹಾಕಿಸಬೇಕಾಗಬಹುದು. ಜಾಗದ ಕರಾರಿನಲ್ಲೇ "ಸೆಪ್ಟಿಕ್ ಪರ್ಮಿಟ್ ಸಿಗದಿದ್ದರೆ ಕರಾರು ರದ್ದು, ಹಣ ವಾಪಸ್" ಎಂದು ಬರೆಸಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅದೇ ಮೊದಲ ಎಚ್ಚರಿಕೆ. ಅವರಿಗೆ ಮಣ್ಣಿನ ವಿಷಯ ಗೊತ್ತಿರಬಹುದು.

ಇನ್ನು ಫೆಡರಲ್ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ಪ್ರವಾಹ ನಕ್ಷೆ. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಐದು ನಿಮಿಷದ ಕೆಲಸ.

ದಾರಿಯನ್ನು ಬಹಳ ಜನ ನೋಡುವುದೇ ಇಲ್ಲ. ಮನೆ ಬರುವುದು ಲಾರಿಯ ಹಿಂದೆ, ಇಡಿಯಾಗಿ ಅಥವಾ ಎರಡು ಭಾಗವಾಗಿ. ಸಿಂಗಲ್ ವೈಡ್ ಸಾಮಾನ್ಯವಾಗಿ 14ರಿಂದ 18 ಅಡಿ ಅಗಲ, ಉದ್ದ 70 ಅಡಿ ದಾಟುವುದೂ ಉಂಟು. ಅದು ನಿಮ್ಮ ಜಾಗದ ಕೊನೆಯ ತಿರುವಿನಲ್ಲಿ ತಿರುಗಬೇಕು. ತಗ್ಗಿನ ವೈರು, ಚಿಕ್ಕ ಸೇತುವೆ, ಬಾಗಿದ ಓಕ್ ಕೊಂಬೆ ಇದ್ದರೆ ಸಾಗಿಸುವವರನ್ನು ಮೊದಲೇ ಕರೆದು ತೋರಿಸಿ.

ವಾಸ್ತು ನೋಡುವವರಿಗೆ ಒಂದು ಮಾತು. ಪೂರ್ವದ ಬಾಗಿಲು ಬೇಕು ಅಂತ ಫ್ಲೋರ್ ಪ್ಲಾನ್‌ನಲ್ಲಿ ಹುಡುಕಿ ಉಪಯೋಗವಿಲ್ಲ. ಬಾಗಿಲು ಯಾವ ಕಡೆ ಬರಬೇಕು ಎಂಬುದನ್ನು ಗಡಿಯಿಂದ ಬಿಡಬೇಕಾದ ಅಂತರ, ಸೆಪ್ಟಿಕ್ ಜಾಗ ಮತ್ತು ಲಾರಿ ಬರುವ ದಿಕ್ಕು ತೀರ್ಮಾನಿಸುತ್ತವೆ. ಜಾಗದ ನಕ್ಷೆ ಮೇಲೆ ಮನೆಯನ್ನು ಗೆರೆ ಎಳೆದು ಕೂರಿಸಿ ನೋಡಿ, ಆಮೇಲೆ ಪ್ಲಾನ್ ಆರಿಸಿ.

ಪಾರ್ಕಿನಲ್ಲಾದರೆ ಮನೆ ನಿಮ್ಮದು, ಕೆಳಗಿನ ನೆಲ ಇನ್ನೊಬ್ಬರದು. ಮನೆಯ ಕಂತು ಮುಗಿದರೂ ಬಾಡಿಗೆ ನಿಲ್ಲುವುದಿಲ್ಲ. ಕಳೆದ ಐದು ವರ್ಷದಲ್ಲಿ ಬಾಡಿಗೆ ಎಷ್ಟೆಷ್ಟು ಏರಿತು, ಪಾರ್ಕ್ ಇತ್ತೀಚೆಗೆ ಕೈ ಬದಲಾಗಿದೆಯಾ, ಕರಾರು ಎಷ್ಟು ವರ್ಷದ್ದು, ನಾಳೆ ನೀವು ಮಾರುವಾಗ ಕೊಳ್ಳುವವರನ್ನು ಪಾರ್ಕಿನವರು ಒಪ್ಪಬೇಕಾ ಎಂದು ಕೇಳಿ. 55 ದಾಟಿದವರಿಗೆ ಮಾತ್ರ ಎನ್ನುವ ಪಾರ್ಕುಗಳಿವೆ. ಅಪ್ಪ ಅಮ್ಮನಿಗೆ ಅಂತ ಅಲ್ಲಿ ಕೊಳ್ಳುವ ಮುಂಚೆ, ಮಕ್ಕಳು ಮೊಮ್ಮಕ್ಕಳು ಬಂದು ಎಷ್ಟು ದಿನ ಇರಬಹುದು ಅಂತಲೂ ಕೇಳಿಕೊಳ್ಳಿ. ಆಫೀಸಿನಲ್ಲಿ ಕೇಳಿದ್ದನ್ನೇ ಅಲ್ಲಿ ನಾಯಿ ಕರೆದುಕೊಂಡು ಅಡ್ಡಾಡುತ್ತಿರುವವರನ್ನೂ ಕೇಳಿ. ಎರಡೂ ಉತ್ತರ ಒಂದೇ ಆಗಿದ್ದರೆ ನಿಮ್ಮ ಪುಣ್ಯ.

ಹಂತ 2: ಸಾಲ

ನೆಲ ನಿಮ್ಮದಲ್ಲದಿದ್ದರೆ ಅಥವಾ ಮನೆ ನೆಲಕ್ಕೆ ಶಾಶ್ವತವಾಗಿ ಸೇರದಿದ್ದರೆ ಸಿಗುವುದು ಚಾಟೆಲ್ ಸಾಲ, ಅಂದರೆ ಮನೆಯನ್ನು ಚರಾಸ್ತಿ ಎಂದು ನೋಡಿ ಕೊಡುವ ಸಾಲ. ಕಾರಿನ ಸಾಲದ ದೊಡ್ಡಣ್ಣ ಅಂತಿಟ್ಟುಕೊಳ್ಳಿ. ಬಡ್ಡಿ ಜಾಸ್ತಿ, ಅವಧಿ ಕಡಿಮೆ. ಮನೆ ಮತ್ತು ನೆಲ ಒಟ್ಟಿಗೆ, ಶಾಶ್ವತ ಪಾಯದ ಮೇಲೆ ಇದ್ದರೆ ಮಾಮೂಲಿ ಗೃಹಸಾಲದ ಬಾಗಿಲು ತೆರೆಯುತ್ತದೆ. ಪಾಯ ಹಡ್ ಮಾರ್ಗದರ್ಶಿಗೆ ಸರಿಯಾಗಿದೆ ಎಂದು ಲೈಸೆನ್ಸ್ ಇರುವ ಎಂಜಿನಿಯರ್ ಬರೆದುಕೊಟ್ಟ ಪತ್ರವನ್ನು, ಗೃಹಸಾಲಕ್ಕೆ ವಿಮೆ ಕೊಡುವ ಫೆಡರಲ್ ಸಂಸ್ಥೆಯಾದ ಎಫ್‌ಎಚ್‌ಎ ಕೇಳುತ್ತದೆ.

ವೀಸಾ ಮೇಲಿರುವವರು ಇದನ್ನು ಗಮನಿಸಿ. 2025ರ ಮೇ 25ರಿಂದ ಎಫ್‌ಎಚ್‌ಎ ಸಾಲ ಎಚ್-1ಬಿಯವರಿಗೆ ಇಲ್ಲ. ಸಿಟಿಜನ್ ಆಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಅದಕ್ಕಿಂತ ಹಳೆಯ ವಿಡಿಯೋ ನೋಡಿ ಲೆಕ್ಕ ಹಾಕಿಕೊಂಡು ಹೋದರೆ ಕೌಂಟರಿನಲ್ಲೇ ವಾಪಸ್. ಎಫ್‌ಎಚ್‌ಎ ಅಲ್ಲದ ಸಾಲ ಸಿಗಬಹುದು, ಆದರೆ ಬೇರೆ ಬೇರೆ ಬ್ಯಾಂಕು ಸುತ್ತಬೇಕು.

ನೆಲ ಸೇರಿದ ಗೃಹಸಾಲಕ್ಕೆ ಕೊನೆಯ ಲೆಕ್ಕದ ಪತ್ರ, ಅಂದರೆ ಕ್ಲೋಸಿಂಗ್ ಡಿಸ್‌ಕ್ಲೋಷರ್, ಸಹಿಗೆ ಮೂರು ಕೆಲಸದ ದಿನ ಮುಂಚೆ ನಿಮ್ಮ ಕೈಸೇರಬೇಕು. ಚಾಟೆಲ್ ಸಾಲಕ್ಕೆ ಆ ನಿಯಮ ಇಲ್ಲ. ಬೆಳಿಗ್ಗೆ ಮನೆ ನೋಡಿ ಸಂಜೆ ಸಹಿ ಹಾಕಿಸಿಕೊಳ್ಳುವ ಆಟ ನಡೆಯುವುದು ಇಲ್ಲೇ. ಆ ಮೂರು ದಿನವನ್ನು ನೀವೇ ಕೊಟ್ಟುಕೊಳ್ಳಿ. "ಈ ರೇಟು ಇವತ್ತಿಗೆ ಮಾತ್ರ" ಎಂದರೆ ಎದ್ದು ಬನ್ನಿ. ಡೀಲರ್ ತೋರಿಸಿದ ಸಾಲದ ಜೊತೆ ಹೊರಗಿನ ಎರಡಾದರೂ ಕಡೆ ಕೇಳಿ, ಕ್ರೆಡಿಟ್ ಯೂನಿಯನ್ ಸೇರಿಸಿ.

ಹಂತ 3: ಕೆಂಪು ಫಲಕ ಮತ್ತು ಡೇಟಾ ಪ್ಲೇಟ್

ಮನೆಯ ಹೊರಗೋಡೆಯ ಒಂದು ತುದಿಯಲ್ಲಿ, ಕೆಳಭಾಗದಲ್ಲಿ, ಕಾರ್ಡಿನಷ್ಟು ಸಣ್ಣ ಕೆಂಪು ಲೋಹದ ಫಲಕ ಹೊಡೆದಿರುತ್ತಾರೆ. ಅದು ಹಡ್ ಲೇಬಲ್. ಪ್ರತಿ ಭಾಗಕ್ಕೂ ಒಂದೊಂದು, ಅಂದರೆ ಡಬಲ್ ವೈಡ್‌ಗೆ ಎರಡು ಇರಬೇಕು. ಹೊಸ ಸೈಡಿಂಗ್ ಹಾಕಿಸುವಾಗ ಕಿತ್ತು ಬಿಸಾಡಿದವರಿದ್ದಾರೆ. ಕಳೆದುಹೋದರೆ ಹಡ್ ಇನ್ನೊಂದು ಫಲಕ ಕೊಡುವುದಿಲ್ಲ. ಹಡ್ ಪರವಾಗಿ ಈ ದಾಖಲೆ ಇಡುವ ಐಬಿಟಿಎಸ್ ಸಂಸ್ಥೆಯಿಂದ ದೃಢೀಕರಣ ಪತ್ರ ತರಿಸಬಹುದು, ಅದಕ್ಕೆ ಮನೆಯ ಸೀರಿಯಲ್ ನಂಬರ್ ಬೇಕು. ಅದು ಚಾಸಿಯ ಮುಂದಿನ ಅಡ್ಡಪಟ್ಟಿಯಲ್ಲಿ ಕೊರೆದಿರುತ್ತದೆ. ಈ ಪತ್ರ ತರಿಸುವ ಕೆಲಸ ಮಾರುವವರದ್ದು, ನಿಮ್ಮದಲ್ಲ.

ಒಳಗೆ, ಅಡುಗೆಮನೆಯ ಕಪಾಟಿನ ಬಾಗಿಲ ಹಿಂದೆ, ಎಲೆಕ್ಟ್ರಿಕ್ ಪ್ಯಾನಲ್ ಹತ್ತಿರ ಅಥವಾ ಮಲಗುವ ಕೋಣೆಯ ಕ್ಲಾಸೆಟ್‌ನಲ್ಲಿ ಒಂದು ಕಾಗದ ಅಂಟಿಸಿರುತ್ತಾರೆ. ಅದೇ ಡೇಟಾ ಪ್ಲೇಟ್. ತಯಾರಾದ ದಿನ, ತಡೆಯುವ ಗಾಳಿ, ಹೊರುವ ಹಿಮದ ಭಾರ ಎಲ್ಲ ಅದರಲ್ಲಿದೆ. ಫೋಟೋ ತೆಗೆದುಕೊಳ್ಳಿ.

ಗಾಳಿಗೆ ಮೂರು ವಲಯ. ಫ್ಲಾರಿಡಾದಲ್ಲಿ ಎಲ್ಲಿ ನೋಡಿದರೂ ಎರಡು ಅಥವಾ ಮೂರನೇ ವಲಯ. ಒಂದನೇ ವಲಯಕ್ಕೆ ಕಟ್ಟಿದ ಮನೆಯನ್ನು ಅಲ್ಲಿ ಕೂರಿಸುವ ಹಾಗಿಲ್ಲ. ಉಲ್ಟಾ ಆದರೆ ಪರವಾಗಿಲ್ಲ. 1992ರ ಆಂಡ್ರೂ ಚಂಡಮಾರುತದ ಅನಾಹುತ ನೋಡಿ 1994ರಲ್ಲಿ ಗಾಳಿಯ ನಿಯಮ ಬಿಗಿ ಮಾಡಿದರು, ಹಾಗಾಗಿ ಕರಾವಳಿ ಹತ್ತಿರ ಕೊಳ್ಳುವವರು 1994ರ ಮಧ್ಯಭಾಗಕ್ಕಿಂತ ಹಳೆಯದನ್ನು ಯೋಚಿಸಿ ಮುಟ್ಟಿ. ಚಾವಣಿ ಭಾರವೂ ಹೀಗೆಯೇ. ದಕ್ಷಿಣಕ್ಕೆ ಚದರಡಿಗೆ 20 ಪೌಂಡ್, ನಡುವಿಗೆ 30, ಉತ್ತರಕ್ಕೆ 40. ಟೆಕ್ಸಾಸ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಮಿನೆಸೋಟಾಕ್ಕೆ ಎಳೆದುಕೊಂಡು ಹೋಗುವ ಯೋಚನೆ ಇದ್ದರೆ ಈ ಅಂಕಿ ನೋಡಿ ಕೈಬಿಡಿ.

ಹಂತ 4: ಹಳೆಯ ಮನೆ ನೋಡುವ ಬಗೆ

ಹೊಸ ಮನೆ ಕೊಳ್ಳುವವರು ಮುಂದಿನ ಹಂತಕ್ಕೆ ಹೋಗಬಹುದು. ಹಳೆಯದು ಕೊಳ್ಳುವವರಿಗೆ ಅತಿ ಮುಖ್ಯವಾದ ಭಾಗ ಇದೇ.

ಕೆಳಗಿನಿಂದ ಶುರು ಮಾಡಿ. ಎಲ್ಲರೂ ಅಡುಗೆಮನೆಯಿಂದ ಶುರು ಮಾಡುತ್ತಾರೆ, ಮಾರುವವರಿಗೂ ಅದು ಗೊತ್ತು. ಸುತ್ತ ಕಟ್ಟಿದ ಸ್ಕರ್ಟಿಂಗ್‌ನ ಒಂದು ಹಲಗೆ ತೆಗೆಸಿ ಒಳಗೆ ನುಸುಳಿ. ನಾನು ಸ್ನೇಹಿತರ ಜೊತೆ ಒಂದು ಡಬಲ್ ವೈಡ್ ನೋಡಲು ಹೋಗಿದ್ದೆ. ಮೇಲೆ ಹೊಸ ಬಣ್ಣ, ಹೊಸ ಕಾರ್ಪೆಟ್, ದಾಲ್ಚಿನ್ನಿ ಮೇಣದಬತ್ತಿಯ ಪರಿಮಳ. ಕೆಳಗೆ ಟಾರ್ಚು ಬಿಟ್ಟರೆ, ನೆಲದ ಅಡಿಗೆ ಕಟ್ಟಿದ್ದ ಕರಿ ಹೊದಿಕೆ ಎಮ್ಮೆ ಕೆಚ್ಚಲಿನ ಹಾಗೆ ಜೋತುಬಿದ್ದಿತ್ತು. ಸ್ಕ್ರೂಡ್ರೈವರ್ ತುದಿ ತಾಗಿಸಿದೆ ಅಷ್ಟೇ. ಅರ್ಧ ಬಕೆಟ್ ನೀರು ಮೊಣಕೈ ಮೇಲೆ ಸುರಿಯಿತು, ಹಿಂದೆಯೇ ಕೊಳೆತ ಇನ್ಸುಲೇಷನ್ ಉದುರಿತು. ಬಚ್ಚಲ ಪೈಪು ಎಷ್ಟು ದಿನದಿಂದ ಸೋರುತ್ತಿತ್ತೋ. ಮೇಲಿನ ಪರಿಮಳ ಯಾಕೆ ಅಂತ ಆಗ ಅರ್ಥವಾಯಿತು.

ಆ ಕರಿ ಹೊದಿಕೆಗೆ ಬೆಲ್ಲಿ ರ‍್ಯಾಪ್ ಅನ್ನುತ್ತಾರೆ. ಅದು ಹರಿದಿದ್ದರೆ ಇಲಿ ಹೆಗ್ಗಣ ಸೇರಿಕೊಂಡಿರುತ್ತವೆ, ಜೋತುಬಿದ್ದಿದ್ದರೆ ನೀರು. ಆಸರೆಯ ಕಾಂಕ್ರೀಟ್ ಬ್ಲಾಕುಗಳು ನೆಟ್ಟಗಿವೆಯಾ, ಬ್ಲಾಕು ಮತ್ತು ಚಾಸಿ ನಡುವೆ ಸಂದು ಇದೆಯಾ, ನೆಲಕ್ಕೆ ಬಿಗಿದ ಕಬ್ಬಿಣದ ಪಟ್ಟಿಗಳು ಸಡಿಲವಾಗಿ ಅಲ್ಲಾಡುತ್ತವಾ ನೋಡಿ. ಬಟ್ಟೆ ಒಣಗಿಸುವ ಡ್ರೈಯರ್‌ನ ಕೊಳವೆ ಸ್ಕರ್ಟಿಂಗ್ ದಾಟಿ ಹೊರಗೆ ಬಂದಿರಬೇಕು. ಮನೆ ಕೆಳಗೇ ಬಿಟ್ಟಿದ್ದರೆ ವರ್ಷಗಟ್ಟಲೆ ಬಿಸಿ ತೇವ ಅಲ್ಲೇ ಕೂತಿದೆ ಎಂದು ಅರ್ಥ.

ಪೈಪು ಬೂದು ಬಣ್ಣದ ಪ್ಲಾಸ್ಟಿಕ್ಕಾ? ಮೇಲೆ ಪಿಬಿ 2110 ಎಂದು ಅಚ್ಚಾಗಿದ್ದರೆ ಅದು ಪಾಲಿಬ್ಯೂಟಿಲೀನ್. 1978ರಿಂದ 1995ರ ಸುಮಾರಿಗೆ ಹಾಕುತ್ತಿದ್ದರು. ಒಳಗಿನಿಂದಲೇ ಬಿರಿಯುತ್ತದೆ. ಪೂರ್ತಿ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಈಗ ಮೇಲೆ ಬನ್ನಿ. ಶೂ ಬಿಚ್ಚಿ ನಡೆಯಿರಿ, ಕಾಲಿಗೆ ಗೊತ್ತಾಗುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ಟಬ್ ಪಕ್ಕ, ಟಾಯ್ಲೆಟ್ ಸುತ್ತ, ವಾಟರ್ ಹೀಟರ್ ಮುಂದೆ, ಕಿಟಕಿಯ ಕೆಳಗೆ ನಿಧಾನವಾಗಿ ಒತ್ತಿ ನಿಲ್ಲಿ. ಹಳೆಯ ಮನೆಗಳಲ್ಲಿ ನೆಲಕ್ಕೆ ಪಾರ್ಟಿಕಲ್ ಬೋರ್ಡ್ ಜಾಸ್ತಿ. ಅದು ನೀರು ಕುಡಿದರೆ ಮೊದಲು ಉಬ್ಬುತ್ತದೆ, ಆಮೇಲೆ ಟೀಯಲ್ಲಿ ಅದ್ದಿದ ರಸ್ಕಿನ ಹಾಗೆ ಆಗುತ್ತದೆ. ಹೊಸ ಕಾರ್ಪೆಟ್ ಇದ್ದ ಕಡೆ ಅನುಮಾನ ಜಾಸ್ತಿ ಇರಲಿ.

ಗೋಲಿಯನ್ನು ನೆಲದ ಮೇಲಿಡಿ. ಉರುಳಿದರೆ ಗಾಬರಿ ಬೇಡ, ರಸಮಟ್ಟ ಇಟ್ಟು ಎಷ್ಟು ಅಂತ ನೋಡಿ. ಬಾಗಿಲು ತಾನಾಗಿ ತೆರೆದುಕೊಳ್ಳುವುದು, ಕಿಟಕಿ ಸಿಕ್ಕಿಹಾಕಿಕೊಳ್ಳುವುದು, ಡಬಲ್ ವೈಡ್‌ನ ಎರಡು ಭಾಗ ಸೇರುವ ಕಡೆ ಚಾವಣಿಯಲ್ಲಿ ಬಿರುಕು, ಇವೆಲ್ಲ ಮನೆ ಒಂದು ಕಡೆ ಕುಸಿದ ಲಕ್ಷಣ. ಮತ್ತೆ ಮಟ್ಟ ಮಾಡಿಸಬಹುದು, ಅದು ದೊಡ್ಡ ಕಾಯಿಲೆಯಲ್ಲ. ಆದರೆ ಯಾಕೆ ಕುಸಿಯಿತು ಎನ್ನುವುದು ಮುಖ್ಯ. ಮಳೆನೀರು ಮನೆ ಕೆಳಗೆ ಹರಿಯುತ್ತಿದ್ದರೆ ಎಷ್ಟು ಸಲ ಎತ್ತಿ ಕೂರಿಸಿದರೂ ಮತ್ತೆ ಕುಸಿಯುತ್ತದೆ.

ಆಮೇಲೆ ಸೇರಿಸಿದ ಜಗಲಿ, ಕಾರ್‌ಪೋರ್ಟ್ ತನ್ನದೇ ಕಂಬಗಳ ಮೇಲೆ ನಿಂತಿರಬೇಕು. ಮನೆಯ ಗೋಡೆಗೆ ನೇತುಹಾಕಿದ್ದರೆ ತಪ್ಪು, ಪರ್ಮಿಟ್ ಕೇಳಿ.

ಇಷ್ಟು ನೀವೇ ನೋಡಿ ಪಾಸಾದರೆ ಮಾತ್ರ ಇನ್‌ಸ್ಪೆಕ್ಟರ್‌ಗೆ ದುಡ್ಡು ಕೊಡಿ. ಮ್ಯಾನುಫ್ಯಾಕ್ಚರ್ಡ್ ಹೋಮ್ ನೋಡಿ ಅಭ್ಯಾಸ ಇರುವವರೇ ಬೇಕು. ಒಂದು ಪ್ರಶ್ನೆ ಸಾಕು: "ನೀವು ಕೆಳಗೆ ನುಸುಳುತ್ತೀರಾ?" ಇಲ್ಲ ಎಂದವರು ಬೇಡ.

ಮನೆ ಕೊಂಡು ಬೇರೆ ಜಾಗಕ್ಕೆ ಸಾಗಿಸುವ ಯೋಚನೆಯಿದ್ದರೆ ಮೊದಲು ಸಾಲ ಕೊಡುವವರನ್ನು ಕೇಳಿ. ಒಮ್ಮೆ ಕೂರಿಸಿ ಮತ್ತೆ ಕದಲಿಸಿದ ಮನೆಗೆ ಹೆಚ್ಚಿನವರು ಗೃಹಸಾಲ ಕೊಡುವುದಿಲ್ಲ.

ಹಂತ 5: ಹೊಸ ಮನೆಯ ಕೊಟೇಶನ್

ಬೋರ್ಡಿನಲ್ಲಿ ಬರೆದ ಬೆಲೆ ಮನೆಯದ್ದು, ವಾಸಕ್ಕೆ ಸಿದ್ಧವಾದ ಮನೆಯದ್ದಲ್ಲ. ಸಾಗಣೆ, ಕೂರಿಸುವುದು, ಎರಡು ಭಾಗ ಸೇರಿಸಿ ಒಳಗಿನ ಫಿನಿಶಿಂಗ್, ಸ್ಕರ್ಟಿಂಗ್, ಮೆಟ್ಟಿಲು, ಎಸಿ, ನೆಲ ಸಮ ಮಾಡುವುದು, ಸೆಪ್ಟಿಕ್, ನೀರು, ಕರೆಂಟಿನ ಕಂಬ, ಪರ್ಮಿಟ್. ಒಂದೊಂದರ ಮುಂದೆಯೂ "ಸೇರಿದೆ" ಅಥವಾ "ಸೇರಿಲ್ಲ" ಎಂದು ಡೀಲರ್ ಕೈಯಿಂದ ಬರೆಸಿ, ಸಹಿ ಹಾಕಿಸಿ. ಎಸಿ ಸೇರಿದೆ ಅಂದುಕೊಂಡು ಬೇಸಿಗೆಯಲ್ಲಿ ಮನೆಗೆ ಬಂದವರ ಕಥೆ ಒಂದೆರಡಲ್ಲ. ಮೆಟ್ಟಿಲು ಇಲ್ಲದಿದ್ದರೆ ವಾಸಕ್ಕೆ ಅನುಮತಿ ಸಿಗದಿರಬಹುದು.

ಅಡ್ವಾನ್ಸ್ ಕೊಡುವ ಮುಂಚೆ ಒಂದು ಸಾಲು ಸೇರಿಸಿ. ಸಾಲ ಮಂಜೂರಾಗದಿದ್ದರೆ, ಅಥವಾ ಕೌಂಟಿ ಪರ್ಮಿಟ್ ಕೊಡದಿದ್ದರೆ, ಪೂರ್ತಿ ಹಣ ವಾಪಸ್. "ಅದೆಲ್ಲ ನಾವು ನೋಡ್ಕೋತೀವಿ" ಎಂಬ ಬಾಯಿಮಾತು ಸಾಲದು.

ಹಂತ 6: ಮನೆ ಕೂರಿಸುವ ದಿನ

ಸಾಧ್ಯವಾದರೆ ಅವತ್ತು ರಜೆ ಹಾಕಿ ಅಲ್ಲೇ ಇರಿ. ಕೂರಿಸುವವರಿಗೆ ಲೈಸೆನ್ಸ್ ಇದೆಯಾ ಅಂತ ಮೊದಲೇ ನೋಡಿರಬೇಕು.

ಹುಲ್ಲು, ಬೇರು ಎಲ್ಲ ಕೆತ್ತಿ ತೆಗೆದಿರಬೇಕು. ಮನೆಯಿಂದ ಹೊರಕ್ಕೆ ಮೊದಲ 10 ಅಡಿ, ಪ್ರತಿ ಅಡಿಗೆ ಅರ್ಧ ಇಂಚಿನ ಇಳಿಜಾರು ಇರಬೇಕು. ಚಾಸಿಯ ತೀರಾ ಕೆಳಗಿನ ಭಾಗಕ್ಕೂ ನೆಲಕ್ಕೂ ಕನಿಷ್ಠ 12 ಇಂಚು ಅಂತರ ಬೇಕು. ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ 6 ಮಿಲ್ (ಇಂಚಿನ ಸಾವಿರದಲ್ಲಿ ಆರು ಪಾಲು) ದಪ್ಪ ಇರಬೇಕು. ಚಳಿ ಪ್ರದೇಶದಲ್ಲಿ ಪಾಯ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೋಗಬೇಕು. ಇದೆಲ್ಲ ಸ್ಕರ್ಟಿಂಗ್ ಮುಚ್ಚಿದ ಮೇಲೆ ಕಾಣುವುದಿಲ್ಲ. ಮುಚ್ಚುವ ಮುಂಚೆ ನಾಲ್ಕೂ ಮೂಲೆಯಿಂದ ವಿಡಿಯೋ ಮಾಡಿಟ್ಟುಕೊಳ್ಳಿ.

ಹಂತ 7: ಟೈಟಲ್ ಮತ್ತು ವಿಮೆ

ಈ ಮನೆ ಹುಟ್ಟುವುದು ವಾಹನದ ಹಾಗೆ, ಟೈಟಲ್ ಎಂಬ ಮಾಲೀಕತ್ವದ ಪತ್ರದೊಂದಿಗೆ. ಬಹಳ ರಾಜ್ಯಗಳಲ್ಲಿ ಅದನ್ನು ನೋಡುವುದು ವಾಹನ ನೋಂದಣಿ ಇಲಾಖೆ. ಟೆಕ್ಸಾಸ್‌ನಲ್ಲಿ ರಾಜ್ಯದ ವಸತಿ ಇಲಾಖೆ ಟಿಡಿಎಚ್‌ಸಿಎ ಕೊಡುವ ಸ್ಟೇಟ್‌ಮೆಂಟ್ ಆಫ್ ಓನರ್‌ಶಿಪ್, ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ವಸತಿ ಇಲಾಖೆಯಾದ ಎಚ್‌ಸಿಡಿ ನೋಂದಣಿ. ಹಳೆಯ ಮನೆಯಾದರೆ ಟೈಟಲ್‌ನಲ್ಲಿ ಮಾರುವವರ ಹೆಸರೇ ಇದೆಯಾ, ಹಳೇ ಸಾಲದ ಹೊರೆ ಇದೆಯಾ, ತೆರಿಗೆ ಬಾಕಿ ಇದೆಯಾ ನೋಡಿ. "ಪೇಪರ್ ಆಮೇಲೆ ಕೊಡ್ತೀನಿ" ಎನ್ನುವವರಿಗೆ ಹಣವನ್ನೂ ಆಮೇಲೆ ಕೊಡಿ.

ಸ್ವಂತ ನೆಲದ ಮೇಲೆ ಇದ್ದರೆ ಆ ಟೈಟಲ್ ಒಪ್ಪಿಸಿ, ಮನೆಯನ್ನು ನೆಲದ ಜೊತೆ ಸ್ಥಿರಾಸ್ತಿಯಾಗಿ ದಾಖಲು ಮಾಡಿಸಬಹುದು. ಇದನ್ನು ಮರೆತವರು ಮರುಸಾಲಕ್ಕೆ ಹೋದಾಗ ಅಥವಾ ಮಾರುವಾಗ ಒದ್ದಾಡುತ್ತಾರೆ. ಮನೆ ಬೇರೆ ಕಾಗದದಲ್ಲಿ, ನೆಲ ಬೇರೆ ಕಾಗದದಲ್ಲಿ ಇರುತ್ತದೆ.

ವಿಮೆಗೆ ಮ್ಯಾನುಫ್ಯಾಕ್ಚರ್ಡ್ ಹೋಮ್‌ಗೆಂದೇ ಇರುವ ಪಾಲಿಸಿ ಕೇಳಿ. ಪ್ರವಾಹ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ, ಬೇರೆ ಮಾಡಿಸಬೇಕು.

ಹಂತ 8: ಹೊಸ ಮನೆಯ ಮೊದಲ ವರ್ಷ

ಹೊಸ ಮನೆ ಒಂದೆರಡು ಮಳೆ ಕಳೆಯುವಷ್ಟರಲ್ಲಿ ಸ್ವಲ್ಪ ಕೂರುತ್ತದೆ. ಮೂರು ತಿಂಗಳಿಗೊಮ್ಮೆ ಎಲ್ಲ ಬಾಗಿಲು ಹಾಕಿ ತೆಗೆದು ನೋಡಿ, ರಸಮಟ್ಟ ಇಡಿ. ದೋಷ ಕಂಡರೆ ಫೋನಿನಲ್ಲಿ ಹೇಳಿ ಸುಮ್ನೆ ಕೂರಬೇಡಿ. ತಾರೀಕು, ಫೋಟೋ ಸಮೇತ ಇಮೇಲ್ ಮಾಡಿ, ಕಾರ್ಖಾನೆ, ಡೀಲರ್, ಕೂರಿಸಿದವರು ಮೂವರಿಗೂ ಒಂದೇ ಪತ್ರ ಹೋಗಲಿ. ಬೇರೆ ಬೇರೆ ಬರೆದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕುತ್ತಾರೆ.

ಈ ಮೂವರ ಜಗಳ ಬಿಡಿಸಲೆಂದೇ ಒಂದು ವ್ಯವಸ್ಥೆ ಇದೆ. ಕೆಲವು ರಾಜ್ಯಗಳು ತಾವೇ ನಡೆಸುತ್ತವೆ, ಉಳಿದ ಕಡೆ ಹಡ್ ನಡೆಸುತ್ತದೆ. ಆದರೆ ದೋಷವನ್ನು ಮನೆ ಮೊದಲ ಸಲ ಕೂರಿಸಿದ ದಿನದಿಂದ ಒಂದು ವರ್ಷದೊಳಗೆ ತಿಳಿಸಿರಬೇಕು. ಹಾಗಾಗಿ ಮನೆ ಕೂರಿಸಿದ ದಿನವೇ ಫೋನಿನ ಕ್ಯಾಲೆಂಡರ್ ತೆಗೆದು ಹತ್ತು ತಿಂಗಳು ಮುಂದಕ್ಕೆ ಒಂದು ಶನಿವಾರ ಗುರುತು ಹಾಕಿ. ಅವತ್ತು ಹಳೇ ಬಟ್ಟೆ ಹಾಕಿಕೊಂಡು, ಟಾರ್ಚು ಹಿಡಿದು, ಮತ್ತೊಮ್ಮೆ ಕೆಳಗೆ ನುಸುಳಿ.